ಕೋಗಿಲೆಗೆ ಹಾಡು ಕಲಿಸಿದವರು ಯಾರು? ಹಕ್ಕಿ ಹಾಡಿನ ಟಿಪ್ಪಣಿ

ಹಕ್ಕಿ ಹಾಡಿನ ಪಾಠದಲ್ಲಿ ಒಂದೇ ಕಡೆ ಎರಡು ದಿನ ಸಿಕ್ಕಿಬಿದ್ದಿದ್ದೆ. ಈಗಷ್ಟೇ ಗಂಟು ಬಿಚ್ಚಿದೆ. ಮರೆಯುವ ಮುಂಚೆ ಬರೆದಿಡುತ್ತೇನೆ, ನಿಮಗೂ ಆದೀತು.

ದನಿ ಎಲ್ಲಿಂದ?

ನಮ್ಮ ಧ್ವನಿಪೆಟ್ಟಿಗೆ ಗಂಟಲಲ್ಲಿದೆ. ಹಕ್ಕಿಯದು ಇನ್ನೂ ಕೆಳಗೆ, ಶ್ವಾಸನಾಳ ಎರಡು ಕವಲಾಗುವ ಕಡೆ. ಅದೇ ಸಿರಿಂಕ್ಸ್. ಹಲವು ಹಾಡುಹಕ್ಕಿಗಳು ಅದರ ಎಡಬಲಗಳನ್ನು ಬೇರೆಬೇರೆಯಾಗಿ ನುಡಿಸಿ ಒಂದೇ ಹೊತ್ತಿಗೆ ಎರಡು ಸ್ವರ ಹೊರಡಿಸಬಲ್ಲವು. ಚಿತ್ರ ಒಮ್ಮೆ ಬಿಡಿಸಿದರೆ ಸಾಕು.

ಯಾಕೆ ಹಾಡುತ್ತವೆ?

ಕರೆ ಬೇರೆ, ಹಾಡು ಬೇರೆ. ಕರೆ ಚುಟುಕು: ಗಿಡುಗ ಬಂತು, ಇಲ್ಲಿದ್ದೇನೆ, ಹಸಿವು. ಹಾಡು ಉದ್ದ, ಮರಿ ಮಾಡುವ ಕಾಲಕ್ಕೆ ಜೋರು. ಅದರಿಂದ ಎರಡು ಕೆಲಸ: ಸಂಗಾತಿಯನ್ನು ಸೆಳೆಯುವುದು, ಎದುರಾಳಿಯನ್ನು ದೂರವಿಡುವುದು. 1970ರ ದಶಕದಲ್ಲಿ ವಿಜ್ಞಾನಿ ಜಾನ್ ಕ್ರೆಬ್ಸ್ ಆಕ್ಸ್‌ಫರ್ಡ್ ಬಳಿಯ ಕಾಡಿನಲ್ಲಿ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಯ ಗಂಡುಗಳನ್ನು ಹಿಡಿದು ತೆಗೆದು, ಕೆಲವು ಜಾಗಗಳಲ್ಲಿ ಅವುಗಳ ಹಾಡನ್ನು ಸ್ಪೀಕರಿನಲ್ಲಿ ಹಾಕಿದರು. ಹಕ್ಕಿಯೇ ಇಲ್ಲದಿದ್ದರೂ, ಹಾಡು ಕೇಳುತ್ತಿದ್ದ ಜಾಗಕ್ಕೆ ಹೊಸ ಗಂಡುಗಳು ತಡವಾಗಿ ನುಗ್ಗಿದವು. ‘ಗಂಡು ಮಾತ್ರ ಹಾಡುತ್ತದೆ’ ಎಂದು ಉತ್ತರದಲ್ಲಿ ಬರೆಯಬೇಡಿ. ಎಷ್ಟೋ ಜಾತಿಗಳಲ್ಲಿ ಹೆಣ್ಣೂ ಹಾಡುತ್ತದೆ.

ನಾನು ಸಿಕ್ಕಿಬಿದ್ದದ್ದು

ಕಲಬುರಗಿಯಲ್ಲಿ ಏಪ್ರಿಲ್ ಬಿಸಿಲು ಏರಿತೆಂದರೆ ನಮ್ಮ ಮನೆ ಮುಂದಿನ ಬೇವಿನ ಮರದಲ್ಲಿ ಕೋಗಿಲೆ ನಸುಕಿಗೇ ಶುರು. ‘ಮರಿಗಳು ದೊಡ್ಡ ಹಕ್ಕಿಯ ಹಾಡು ಕೇಳಿ ಕಲಿಯುತ್ತವೆ’ ಎಂದು ನಾನು ಗಟ್ಟಿಯಾಗಿ ಓದುತ್ತಿದ್ದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಕೇಳಿದಳು: “ಕೋಗಿಲಿ ಮರಿ ಕಾಗಿ ಗೂಡಿನ್ಯಾಗ ಬೆಳೀತದಲ್ಲ, ಅದಕ್ಕ ಕುಹೂ ಅನ್ನೋದು ಯಾರು ಕಲಿಸ್ಯಾರ?”

ನನ್ನ ಬಳಿ ಉತ್ತರ ಇರಲಿಲ್ಲ. ಉತ್ತರ ಇದು: ಯಾರೂ ಕಲಿಸಿಲ್ಲ. ಕೇಳಿ ಕಲಿಯುವ ಹಕ್ಕಿಗಳೆಂದು ಚೆನ್ನಾಗಿ ಗೊತ್ತಿರುವ ಗುಂಪು ಮೂರು: ಹಾಡುಹಕ್ಕಿ, ಗಿಳಿ, ಹಮ್ಮಿಂಗ್‌ಬರ್ಡ್. ಕೋಗಿಲೆ ಇವುಗಳಲ್ಲಿ ಇಲ್ಲ. ಕೋಳಿ, ಪಾರಿವಾಳಗಳಂತೆ ಅದರ ಕೂಗೂ ಹುಟ್ಟಿನಿಂದ ಬಂದದ್ದು. ಹಾಗಿರಲೇಬೇಕು. ಸಾಕಿದವರನ್ನು ಕೇಳಿ ಕಲಿಯುವಂತಿದ್ದರೆ ಅದು ಕಾ ಕಾ ಎನ್ನುತ್ತ ಬೆಳೆದು, ತನ್ನ ಜಾತಿಯ ಹೆಣ್ಣನ್ನು ಕರೆಯಲಾರದೆ ಹೋಗುತ್ತಿತ್ತು.

ಇನ್ನೊಂದು ಮಾತು ಕೇಳಿ: ಕಾಗೆ ಹಾಡುಹಕ್ಕಿ! ವರ್ಗೀಕರಣದಲ್ಲಿ ‘ಹಾಡುಹಕ್ಕಿ’ ಎಂಬುದು ವಂಶದ ಹೆಸರು, ಇಂಪಿಗೆ ಕೊಟ್ಟ ಬಿರುದಲ್ಲ. ಜಗತ್ತಿನ ಹಕ್ಕಿ ಜಾತಿಗಳಲ್ಲಿ ಸುಮಾರು ಅರ್ಧ ಈ ವಂಶದವು. ಕವಿಗಳ ಕೋಗಿಲೆ ಹೊರಗೆ, ಕಾಗೆ ಒಳಗೆ. ಇದು ತಲೆಗೆ ಹೋದ ಮೇಲೆ ಉಳಿದದ್ದೆಲ್ಲ ಸಲೀಸಾಯಿತು.

ಸಲೀಸಾಗದ್ದು ಒಂದೇ, ಕಿವುಡು ಹಕ್ಕಿಯ ಪ್ರಯೋಗ. 1950ರ ದಶಕದಲ್ಲಿ ವಿಲಿಯಂ ಥಾರ್ಪ್ ಚಾಫಿಂಚ್ ಎಂಬ ಹಾಡುಹಕ್ಕಿಯ ಮರಿಗಳನ್ನು ಒಂಟಿಯಾಗಿ ಬೆಳೆಸಿದರು. ದೊಡ್ಡವರ ಹಾಡು ಕೇಳದ ಅವು ಸಪ್ಪೆ ಹಾಡು ಹಾಡಿದವು. ಇದು ಸುಲಭ. ಆದರೆ 1965ರಲ್ಲಿ ಮಸಕಾಜು ಕೊನಿಶಿ ಪ್ರಕಟಿಸಿದ ಪ್ರಯೋಗದಲ್ಲಿ, ಅಮೆರಿಕದ ವೈಟ್‌ಕ್ರೌನ್ಡ್ ಸ್ಪ್ಯಾರೋ ಎಂಬ ಗುಬ್ಬಿಯ ಮರಿಗಳು ಹಾಡನ್ನು ಕೇಳಿಸಿಕೊಂಡ ಮೇಲೆ, ತಾವು ಹಾಡಲು ತೊಡಗುವ ಮುಂಚೆ ಕಿವಿ ಕಳೆದುಕೊಂಡವು. ಅವುಗಳ ಹಾಡೂ ಕೆಟ್ಟಿತು. ಕೇಳಿ ನೆನಪಿಟ್ಟುಕೊಂಡಾಗಿದೆಯಲ್ಲ, ಮತ್ತೆ ಯಾಕೆ ಕೆಡಬೇಕು?

ಭಜನೆಯಲ್ಲಿ ತತ್ವಪದ ಕಲಿಯುವ ಹುಡುಗನನ್ನು ನೆನೆದೆ. ಎಷ್ಟೋ ರಾತ್ರಿ ಸುಮ್ಮನೆ ಕೂತು ಕೇಳುತ್ತಾನೆ, ಪದ ಮನಸ್ಸಿನಲ್ಲಿ ಕೂರುತ್ತದೆ. ಆದರೆ ಬಾಯಿ ತೆರೆದ ಮೊದಲ ದಿನ ಸ್ವರ ತಪ್ಪುತ್ತದೆ. ತಪ್ಪಿದ್ದು ತನ್ನ ಕಿವಿಗೇ ಬಿದ್ದಾಗ ಮನಸ್ಸಿನೊಳಗಿನ ಪದಕ್ಕೆ ಹೋಲಿಸಿ ತಿದ್ದಿಕೊಳ್ಳುತ್ತಾನೆ. ಹಕ್ಕಿಯೂ ಹಾಗೆಯೇ. ಈ ಗುಬ್ಬಿ ಹುಟ್ಟಿದ ಸುಮಾರು 10ರಿಂದ 50 ದಿನದೊಳಗೆ ಹಾಡನ್ನು ಮನಸ್ಸಿಗೆ ತುಂಬಿಕೊಳ್ಳುತ್ತದೆ. ತಿಂಗಳುಗಳ ನಂತರ ತೊದಲುತ್ತದೆ, ತನ್ನನ್ನು ತಾನೇ ಕೇಳಿ ತಿದ್ದುತ್ತದೆ. ಕಿವಿ ಬೇಕಾದದ್ದು ಎರಡು ಸಲ: ಒಮ್ಮೆ ಗುರುವಿಗಾಗಿ, ಒಮ್ಮೆ ತನಗಾಗಿ. ಹಾಡು ಗಟ್ಟಿಯಾದ ಮೇಲೆ ಕಿವಿ ಹೋದ ಗುಬ್ಬಿಗಳು ಅದನ್ನೇ ಹಾಡಿಕೊಂಡಿದ್ದವು.

ನಾಲ್ಕು ಮಾತಿನಲ್ಲಿ ಬಾಯಿಪಾಠ ಮಾಡಿಕೊಂಡೆ: ಕೇಳು, ತೊದಲು, ತಿದ್ದು, ಗಟ್ಟಿ. ನಮ್ಮ ಕೂಸು ಮಾತು ಕಲಿಯುವುದಕ್ಕೂ ಇದೇ ಸರಿಹೊಂದುತ್ತದೆ. ಅದಕ್ಕೇ ಮಾತಿನ ಅಧ್ಯಯನಕ್ಕೆ ಹಕ್ಕಿ ಇಷ್ಟು ಮುಖ್ಯ.

ಕಲಿತದ್ದು ಊರಿಗೊಂದು ತರ ಆಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತ ಇದೇ ಗುಬ್ಬಿಯ ಹಾಡು ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುವುದನ್ನು 1960ರ ದಶಕದಲ್ಲಿ ಪೀಟರ್ ಮಾರ್ಲರ್ ತೋರಿಸಿದರು. ಬೀದರಿನವರ ಕನ್ನಡ, ಧಾರವಾಡದವರ ಕನ್ನಡ ಎಂದು ನಾವು ಗುರುತಿಸುವ ಹಾಗೆ.

ಕರೆಯಲ್ಲಿ ವಾಕ್ಯ ಇದೆಯೇ?

2016ರಲ್ಲಿ ತೋಶಿತಾಕ ಸುಜುಕಿ ಮತ್ತು ಜೊತೆಗಾರರು ಜಪಾನೀಸ್ ಟಿಟ್ ಹಕ್ಕಿಯ ಕರೆಗಳ ಬಗ್ಗೆ ಬರೆದರು. ಕರೆಯ ಸ್ವರಗಳಿಗೆ ಅವರು ಕೊಟ್ಟ ಗುರುತು ಎ, ಬಿ, ಸಿ, ಡಿ. ‘ಎಬಿಸಿ’ ಕೇಳಿದರೆ ಹಕ್ಕಿಗಳು ಸುತ್ತ ಕಣ್ಣಾಡಿಸುತ್ತವೆ, ‘ಡಿ’ ಕೇಳಿದರೆ ಹತ್ತಿರ ಬರುತ್ತವೆ, ‘ಎಬಿಸಿ-ಡಿ’ ಕೇಳಿದರೆ ಎರಡನ್ನೂ ಮಾಡುತ್ತವೆ. ತಿರುಗಿಸಿ ‘ಡಿ-ಎಬಿಸಿ’ ಎಂದು ಕೇಳಿಸಿದರೆ ಅಷ್ಟಾಗಿ ಕದಲುವುದಿಲ್ಲ. ಕನ್ನಡದಲ್ಲಿ ‘ಮುಂಗುಸಿ ಹಾವನ್ನು ಕಂಡಿತು’ ಎಂದರೂ ‘ಹಾವನ್ನು ಮುಂಗುಸಿ ಕಂಡಿತು’ ಎಂದರೂ ವಿಭಕ್ತಿ ಅರ್ಥವನ್ನು ಹಿಡಿದಿಡುತ್ತದೆ. ಈ ಹಕ್ಕಿಯ ಕರೆಗೆ ವಿಭಕ್ತಿ ಇಲ್ಲ, ಹಿಡಿದಿಡುವುದು ಅನುಕ್ರಮ.