‘ಸುಕಿ’ ಕೇಳಿಸಿದ ಕೂಡಲೇ ಟಿಕ್ ಹಾಕುವವರು

ಜಪಾನಿ ಭಾಷೆಯ ಮೊದಲ ಪಾಠಗಳಲ್ಲೇ ಊಟ-ತಿಂಡಿಯ ಇಷ್ಟಾನಿಷ್ಟ ಬಂದುಬಿಡುತ್ತದೆ. ‘ಸುಕಿ ದೆಸ್’ ಅಂದರೆ ಇಷ್ಟ, ‘ಸುಕಿ ಜಾ ನಾಯ್ ದೆಸ್’ ಅಂದರೆ ಇಷ್ಟ ಇಲ್ಲ. ಕಲಿಸುವುದು ಸುಲಭ. ಕಲಿತಿದ್ದಾರಾ ಅಂತ ನೋಡುವುದೇ ಕಷ್ಟ.

ಆಡಿಯೋದಲ್ಲಿ ಒಂದೇ ತಿಂಡಿಯ ಹೆಸರು ಬಂದರೆ ಅದು ಕೇಳುವ ಪರೀಕ್ಷೆಯೇ ಅಲ್ಲ. ಹೆಸರು ಕಿವಿಗೆ ಬಿದ್ದರೆ ಸಾಕು, ಉತ್ತರ ಸರಿಯಾಗುತ್ತದೆ. ಮಡಿಕೇರಿಯ ನನ್ನ ತರಗತಿಯಲ್ಲಿ ಇಬ್ಬರ ಮಾತುಕತೆ ಕೇಳಿಸುತ್ತೇನೆ. ಇಬ್ಬರ ಬಾಯಲ್ಲೂ ಮಾಂಸ, ಮೀನು ಎರಡೂ ಬರುತ್ತವೆ. ಒಬ್ಬ ‘ನಿಕು ವ ಸುಕಿ ದೆಸ್ ಗ, ಸಕನ ವ ಚೊತ್ತೊ...’ ಎಂದು ಎಳೆದು ಸುಮ್ಮನಾಗುತ್ತಾನೆ. ಮಾಂಸ ಇಷ್ಟ, ಮೀನು ಸ್ವಲ್ಪ... ಅಷ್ಟೇ. ‘ಇಲ್ಲ’ ಅನ್ನುವ ಮಾತೇ ಬರಲಿಲ್ಲ. ‘ಕಿರಾಯ್’ (ಕಂಡರಾಗದು) ಎಂದು ಮುಖಕ್ಕೆ ಹೇಳಿದರೆ ಒರಟಾಗುತ್ತದೆ. ನೆಂಟರ ಮನೆಯಲ್ಲಿ ಪಲ್ಯ ಸೇರದಿದ್ದರೆ ನಾವೂ ‘ಹೊಟ್ಟೆ ತುಂಬಿತು’ ಅನ್ನುತ್ತೇವೆ, ಅಲ್ವಾ? ಆ ಎಳೆದು ನಿಲ್ಲಿಸಿದ್ದನ್ನು ಹಿಡಿದವರಿಗೆ ಮಾತ್ರ ಅಂಕ. ಇನ್ನೊಂದು ತೊಡಕು: ಜಪಾನಿಯರು ಸಹಜವಾಗಿ ಮಾತಾಡುವಾಗ ‘ಸುಕಿ’ಯ ಉಕಾರ ಅಡಗಿ ‘ಸ್ಕಿ’ ಎಂದು ಕೇಳಿಸುತ್ತದೆ. ಪುಸ್ತಕ ನೋಡಿ ಕಲಿತವರು ಇಲ್ಲೇ ತಡವರಿಸುತ್ತಾರೆ.

ಉತ್ತರ ಬರೆಸುವುದಿಲ್ಲ. ತಿಂಡಿಯ ಚಿತ್ರದ ಪಕ್ಕ ನಗುಮುಖವೋ ಸಪ್ಪೆ ಮುಖವೋ ಹಾಕಿದರಾಯಿತು. ಹೊರಗಿನ ಪದಗಳನ್ನು ಬರೆಯುವ ಕತಕಾನ ಲಿಪಿ ಗೊತ್ತಿಲ್ಲದ್ದಕ್ಕೆ ಕೇಳುವ ಅಂಕ ಹೋಗಬಾರದು. ಜುಲೈನಲ್ಲಿ ಶೀಟಿನ ಮೇಲೆ ಮಳೆ ಬಡಿಯುವಾಗ ಸ್ಪೀಕರ್ ಇಡುವುದು ದಂಡ. ಒಬ್ಬೊಬ್ಬರಿಗೂ ಇಯರ್‌ಫೋನ್ ಕೊಡಬೇಕು. ನಾನೇ ಓದಿ ಹೇಳಿದರೆ ಗೊತ್ತಿಲ್ಲದೇ ನಿಧಾನ ಮಾಡಿಬಿಡುತ್ತೇನೆ.

ಬರೆಯುವ ಪರೀಕ್ಷೆಗೆ ನತ್ತೊ (ಹುದುಗಿಸಿದ ಸೋಯಾ ಕಾಳು), ಸಾಶಿಮಿ (ಹಸಿ ಮೀನಿನ ಹೋಳು) ಕೊಡುವುದಿಲ್ಲ. ಬಾಯಿಗೇ ಇಡದ್ದನ್ನು ಇಷ್ಟ ಅಂತ ಹೇಗೆ ಬರೆಯುತ್ತಾರೆ? ಮನೆಯ ಊಟದ ಬಗ್ಗೆ ಐದು ವಾಕ್ಯ ಕೇಳುತ್ತೇನೆ. ಪಂದಿ ಕರಿ ‘ಬುತನಿಕು ನೊ ಕರೇ’ ಆಗುತ್ತದೆ, ಕಣಿಲೆಗೆ ‘ತಕೆನೊಕೊ’ ಇದ್ದೇ ಇದೆ. ಅಕ್ಕಿ ತರಿಯ ಉಂಡೆ ಕಡಂಬುಟ್ಟನ್ನು ಕತಕಾನದಲ್ಲಿ ಬರೆಯಬೇಕಾದರೆ ಒತ್ತಕ್ಷರಕ್ಕೆ ಚಿಕ್ಕ ‘ತ್ಸು’ ಬೇಕು. ಅದನ್ನು ಯಾರೂ ಹೇಳಿಕೊಡದೆ ಹಾಕಿದವರನ್ನು ಕಂಡರೆ ನನಗೆ ಖುಷಿ. ಕಾಫಿಗೆ ‘ಕೋಹೀ’ ಎಂದು ಬರೆಯುವಾಗ ದೀರ್ಘದ ಗೆರೆ ಮರೆತರೆ ಮೊದಲ ಸಲ ಸುತ್ತು ಹಾಕಿ ಬಿಡುತ್ತೇನೆ, ಎರಡನೇ ಸಲ ಅರ್ಧ ಅಂಕ ಕಡಿಮೆ.

ತಪ್ಪುಗಳಲ್ಲೂ ತೂಕ ಬೇರೆ ಬೇರೆ. ‘ವತಶಿ ನಿ ಕೋಹೀ ಗ ಸುಕಿ ದೆಸ್’ ಎಂದು ಬರೆಯುವವರು ಜಾಸ್ತಿ. ‘ವತಶಿ’ ಅಂದರೆ ನಾನು; ‘ನನಗೆ’ಯ ‘ಗೆ’ಯನ್ನೇ ‘ನಿ’ ಮಾಡಿದ್ದಾರೆ. ಅಲ್ಲಿ ‘ವ’ ಬರಬೇಕು. ಆದರೆ ಇಷ್ಟವಾದದ್ದರ ಹೆಸರಿಗೆ ಹಚ್ಚುವ ‘ಗ’ ಮಾತ್ರ ತಪ್ಪುವುದು ಅಪರೂಪ, ಯಾಕೆಂದರೆ ನಾವೂ ‘ಕಾಫಿಯನ್ನು ಇಷ್ಟ’ ಅನ್ನುವುದಿಲ್ಲ. ಇಂಗ್ಲಿಷಿನವರಿಗೆ ಬರೆದ ಪುಸ್ತಕಗಳು ಇದಕ್ಕೆ ಪುಟಗಟ್ಟಲೆ ಎಚ್ಚರಿಕೆ ಕೊಡುತ್ತವೆ, ನಮಗೆ ಸುಮ್ನೆ ದಾಟಿಸಬಹುದು. ‘ಕಿರಾಕುನಾಯ್’ ಎಂದು ಬರೆದವರಿಗೆ ನಾನು ಅಂಕ ಕಡಿಯುವುದು ಕಾಲು ಭಾಗ ಮಾತ್ರ. ‘ಒಇಶೀ’ (ರುಚಿಯಾಗಿದೆ) ಎಂಬುದರಿಂದ ‘ಒಇಶಿಕುನಾಯ್’ (ರುಚಿಯಾಗಿಲ್ಲ) ಮಾಡಿದ ನಿಯಮವನ್ನೇ ಹಚ್ಚಿದ್ದಾರೆ. ‘ಕಿರಾಯ್’ ಆ ಗುಂಪಿಗೆ ಸೇರಿದ್ದಲ್ಲ ಅಂತ ಹೇಳಿದರೆ ಮುಗಿಯಿತು.

‘ಎನ್5 ಪರೀಕ್ಷೆಯಲ್ಲಿ ಬರೆಯುವುದೇ ಇಲ್ಲವಲ್ಲ ಮೇಡಂ’ ಎಂದು ಕೇಳುವವರಿದ್ದಾರೆ. ಎನ್5 ಅಂದರೆ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯ (ಜೆಎಲ್‌ಪಿಟಿ) ಮೊದಲ ಮೆಟ್ಟಿಲು. ನಿಜ, ಅಲ್ಲಿ ಎಲ್ಲವೂ ಟಿಕ್. ಆದರೆ ಟಿಕ್ ನೋಡಿ ತಪ್ಪು ಎಲ್ಲಾಯಿತು ಅಂತ ನನಗೆ ತಿಳಿಯುವುದಿಲ್ಲ. ಒಟ್ಟು 180ಕ್ಕೆ 80 ಬಂದರೆ ಪಾಸು. ಕೇಳುವ ಭಾಗದಲ್ಲಿ 60ಕ್ಕೆ 19 ಬರದಿದ್ದರೆ ಉಳಿದದ್ದು ಎಷ್ಟೇ ಬಂದರೂ ಫೇಲು. ಆಡಿಯೋ ಒಂದೇ ಸಲ ಹಾಕುತ್ತಾರೆ. ಹಾಗಾಗಿ ನಮ್ಮಲ್ಲಿ ಶುರುವಿಗೆ ಎರಡು ಸಲ, ಪರೀಕ್ಷೆ ಹತ್ತಿರ ಬಂದ ಮೇಲೆ ಒಂದೇ ಸಲ.