ಸೀಸದ ಸಹವಾಸ

ಮೈಸೂರಿನ ಮನೆಗಳಲ್ಲಿ ಮೆಟ್ಟಿಲಡಿ ಕೂತಿರುವ 150 ಆಂಪಿಯರ್-ಅವರ್ ಇನ್ವರ್ಟರ್ ಬ್ಯಾಟರಿಯನ್ನು ಒಬ್ಬರೇ ಎತ್ತಲು ಹೋದರೆ ಸೊಂಟ ಹಿಡಿದುಕೊಳ್ಳುತ್ತದೆ. ಆಸಿಡ್ ತುಂಬಿದರೆ ತೂಕ 50 ಕೆ.ಜಿ. ದಾಟುತ್ತದೆ, ಅದರಲ್ಲಿ ಅರ್ಧಕ್ಕೂ ಮೇಲೆ ಸೀಸವೇ. ಮೈಸೂರು, ಮಂಡ್ಯದ ಕಡೆ ಸೀಸದ ಗಣಿ ಇಲ್ಲ. ದೇಶದ ಅದಿರು ಬಹುಪಾಲು ರಾಜಸ್ಥಾನದ್ದು: ಉದಯಪುರದ ಹತ್ತಿರದ ಜಾವರ್, ರಾಜಸಮಂದ್ ಜಿಲ್ಲೆಯ ರಾಜಪುರ ದರೀಬಾ ಮತ್ತು ಸಿಂದೇಸರ್ ಖುರ್ದ್, ಭೀಲ್ವಾಡಾ ಜಿಲ್ಲೆಯ ರಾಂಪುರ ಅಗುಚಾ.

ಅದಿರಿನ ಹೆಸರು ಗೆಲೀನಾ, ಅಂದರೆ ಸೀಸದ ಸಲ್ಫೈಡ್. ಶುದ್ಧವಾಗಿದ್ದರೆ 86.6% ಸೀಸ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ: ಪುಟ್ಟ ದಾಳಗಳಾಗಿ ಒಡೆಯುತ್ತದೆ, ದಾಳವನ್ನು ತಟ್ಟಿದರೆ ಇನ್ನೂ ಪುಟ್ಟ ದಾಳಗಳು. ಹೊಸ ಮುಖ ಕನ್ನಡಿಯಂತೆ ಹೊಳೆದು ಆಮೇಲೆ ಮಂಕಾಗುತ್ತದೆ. ಆದರೆ ಗೆಲೀನಾ ಒಂಟಿಯಾಗಿ ಸಿಗುವುದು ಅಪರೂಪ. ಭೂಮಿಯ ಆಳದ ಬಿಸಿ ಉಪ್ಪುನೀರು ಸೀಸವನ್ನೂ ಸತುವನ್ನೂ ಒಟ್ಟಿಗೇ ಕರಗಿಸಿಕೊಂಡು ಹರಿಯುತ್ತದೆ, ಗಂಧಕ ಎದುರಾದಲ್ಲಿ ಎರಡೂ ಒಟ್ಟಿಗೇ ಇಳಿಯುತ್ತವೆ. ರಾಂಪುರ ಅಗುಚಾದಲ್ಲಂತೂ ಸತುವಿನದೇ ದೊಡ್ಡ ಪಾಲು. ಹಾಗಾಗಿ ಸೀಸ ತೆಗೆಯುವ ಕಸುಬೆಂದರೆ ಮುಕ್ಕಾಲು ಪಾಲು ಸಹವಾಸ ಬಿಡಿಸುವ ಕಸುಬು.

ಕಲ್ಲು ಸಿಡಿಸಿ, ಜಜ್ಜಿ, ನೀರಿನೊಂದಿಗೆ ಉಕ್ಕಿನ ಗುಂಡುಗಳು ಉರುಳುವ ಬಾಲ್ ಮಿಲ್ಲಿನಲ್ಲಿ ರಾಗಿ ಹಿಟ್ಟಿನಷ್ಟು ನುಣ್ಣಗೆ ಅರೆಯುತ್ತಾರೆ. ಈ ಗಂಜಿಗೆ ಸತುವಿನ ಸಲ್ಫೇಟ್, ಕೊಂಚ ಸೋಡಿಯಂ ಸಯನೈಡ್ ಬೆರೆಸಿದರೆ ಸತುವಿನ ಖನಿಜ ನೀರಿಗೆ ಒಗ್ಗಿ ಕೆಳಗೇ ಉಳಿಯುತ್ತದೆ. ಕ್ಸಾಂಥೇಟ್ ಎಂಬ ರಾಸಾಯನಿಕ ಗೆಲೀನಾ ಕಣಕ್ಕೆ ಅಂಟಿ ಅದು ನೀರನ್ನು ತಳ್ಳುವಂತೆ ಮಾಡುತ್ತದೆ. ಕೆಳಗಿನಿಂದ ಗಾಳಿ ಬಿಟ್ಟರೆ ಗುಳ್ಳೆ ಹಿಡಿದು ನೊರೆಯೇರುವುದು ಗೆಲೀನಾ ಮಾತ್ರ. ಕೆಡುವುದು ಹೆಚ್ಚಾಗಿ ಅರೆಯುವಲ್ಲೇ. ದಪ್ಪಗೆ ಬಿಟ್ಟರೆ ಒಂದೇ ಕಣದಲ್ಲಿ ಎರಡೂ ಖನಿಜ ಅಂಟಿಕೊಂಡಿರುತ್ತವೆ. ಅತಿ ನುಣ್ಣಗಾದರೆ ಲೋಳೆಯಾಗಿ ಗುಳ್ಳೆಗೆ ಸಿಗುವುದಿಲ್ಲ. ಅದಿರಿನಲ್ಲಿ ತಾಮ್ರ ಕರಗಿದ್ದರೆ ಸತುವೂ ಗುಳ್ಳೆ ಹತ್ತಿಬಿಡುತ್ತದೆ.

ಮುಂದೆ ಹುರಿದು ಆಕ್ಸೈಡ್ ಮಾಡಿ ಕೋಕ್ ಜೊತೆ ಕುಲುಮೆಗೆ. ಹುರಿದಾಗ ಏಳುವ ಗಂಧಕದ ಹೊಗೆ ಹಿಡಿದರೆ ಸಲ್ಫ್ಯೂರಿಕ್ ಆಸಿಡ್, ಬ್ಯಾಟರಿಗೆ ಬೇಕಾದದ್ದೂ ಅದೇ. ಸೀಸದಲ್ಲಿ ಅಡಗಿದ ಬೆಳ್ಳಿಯನ್ನು ಬಿಡಿಸಲು ಮತ್ತೆ ಸತುವೇ ಬೇಕು: ಕರಗಿದ ಸೀಸಕ್ಕೆ ಸತು ಕಲಸಿದರೆ ಬೆಳ್ಳಿ ಸೀಸವನ್ನು ಬಿಟ್ಟು ಸತುವಿನ ಜೊತೆ ಕೆನೆಯಾಗಿ ತೇಲುತ್ತದೆ.

ಮಂಡ್ಯದವರಿಗೆ ಸೀಸದ ಇನ್ನೊಂದು ಕೆಲಸ ಹೇಳಬೇಕು. ಕಬ್ಬಿನ ಹಾಲಿನಲ್ಲಿ ಸಕ್ಕರೆ ಎಷ್ಟೆಂದು ಪೋಲಾರಿಮೀಟರಿನಲ್ಲಿ (ದ್ರವ ತನ್ನೊಳಗೆ ಹಾಯುವ ಬೆಳಕಿನ ಕಂಪನವನ್ನು ಎಷ್ಟು ತಿರುಗಿಸುತ್ತದೆಂದು ನೋಡುವ ಸಾಧನ) ಅಳೆಯಲು ಹಾಲು ತಿಳಿಯಾಗಿರಬೇಕು, ಇಲ್ಲವೇ ಬೆಳಕು ಹಾಯುವುದಿಲ್ಲ. ಸಕ್ಕರೆ ಪ್ರಯೋಗಾಲಯಗಳ ಹಳೆಯ ಪದ್ಧತಿ ಎಂದರೆ 100 ಮಿ.ಲೀ. ಹಾಲಿಗೆ ಸುಮಾರು 1 ಗ್ರಾಂ ಒಣ ಸೀಸದ ಸಬ್-ಅಸಿಟೇಟ್ ಹಾಕಿ ಕುಲುಕಿ ಸೋಸುವುದು. ಬಣ್ಣ, ಅಂಟು ಸೀಸದೊಂದಿಗೆ ಗಸಿಯಾಗಿ ನಿಲ್ಲುತ್ತವೆ. ಮೊದಲು ಸೋರಿದ್ದನ್ನು ಚೆಲ್ಲಿ, ಉಳಿದದ್ದನ್ನು 200 ಮಿ.ಮೀ. ಕೊಳವೆಗೆ ತುಂಬುತ್ತಾರೆ. ಧಾರಾಳವಾಗಿ ಹಾಕಿದರೆ ಎಡವಟ್ಟು: ಹೆಚ್ಚುವರಿ ಸೀಸ, ಬೆಳಕನ್ನು ಎಡಕ್ಕೆ ತಿರುಗಿಸುವ ಫ್ರಕ್ಟೋಸ್ ಎಂಬ ಇನ್ನೊಂದು ಬಗೆಯ ಸಕ್ಕರೆಯ ಜೊತೆ ಕೂಡಿ ಆ ಎಡ ತಿರುವನ್ನು ತಗ್ಗಿಸುತ್ತದೆ, ಇಲ್ಲದ ಸಕ್ಕರೆ ಇದೆಯೆಂದು ಮಾಪಕ ತೋರಿಸುತ್ತದೆ. ಕಡಿದು ಬಿಸಿಲಲ್ಲಿ ದಿನಗಟ್ಟಲೆ ಒಣಗಿದ ಕಬ್ಬಿನಲ್ಲಿ ಫ್ರಕ್ಟೋಸ್ ಜಾಸ್ತಿ, ತಪ್ಪೂ ಜಾಸ್ತಿ. ಸೀಸದ ಅಸಿಟೇಟ್ ನಾಲಿಗೆಗೆ ಸಿಹಿ, ಆದರೆ ವಿಷ. ಅದಕ್ಕೇ ಸೀಸವಿಲ್ಲದ ಪುಡಿಗಳು ಬಂದಿವೆ.

ಪೆಟ್ರೋಲಿನಿಂದ ಸೀಸ 2000ದಲ್ಲಿ ಹೊರಬಿತ್ತು. ಮನೆಯ ಬಣ್ಣಕ್ಕೆ ಈಗ 90 ಪಿಪಿಎಂ (ದಶಲಕ್ಷಕ್ಕೆ 90 ಪಾಲು) ಮಿತಿ. ಎಕ್ಸ್-ರೇ ಕೋಣೆಯ ಏಪ್ರನ್ನಿನಲ್ಲಿ ಅದು ಇನ್ನೂ ಇದೆ, ಆದರೆ ಸಿಂಹಪಾಲು ಬ್ಯಾಟರಿಗೇ. ಬ್ಯಾಟರಿ ಬರಿದಾಗುವಾಗ ಎರಡೂ ಬಗೆಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಕರಗಿ ಹೋಗುತ್ತದೆ, ತಿಂಗಳುಗಟ್ಟಲೆ ಬಿಟ್ಟರೆ ಹರಳುಗಟ್ಟಿ ಮತ್ತೆ ಬಿಡುವುದಿಲ್ಲ. ಊರಿಗೆ ಹೋಗುವವರು ಪೂರ್ತಿ ಚಾರ್ಜ್ ಮಾಡಿಟ್ಟು ಹೋಗುವುದು ಇದಕ್ಕೇ.

ಸತ್ತ ಬ್ಯಾಟರಿಯ ಸೀಸವನ್ನು ಕರಗಿಸಲು 327 ಡಿಗ್ರಿ ಸೆಲ್ಸಿಯಸ್ ಸಾಕು, ಹಾಗಾಗಿ ಶೆಡ್ಡಿನ ಒಲೆಯಲ್ಲೂ ಕರಗಿಸುವವರಿದ್ದಾರೆ. ಆ ಧೂಳು, ಹೊಗೆ ಮೊದಲು ಸೇರುವುದು ಅಕ್ಕಪಕ್ಕ ಆಡುವ ಮಕ್ಕಳ ಮೈಗೆ. ಅಧಿಕೃತ ಅಂಗಡಿಗೇ ಕೊಡಿ, ಆಸಿಡ್ ಸಮೇತ ಕೊಡಿ. ಹಗುರಾಗಲೆಂದು ಅದನ್ನು ಮೋರಿಗೆ ಸುರಿದರೆ ಕೊನೆಯಲ್ಲಿ ಬೂದು ಕೆಸರೊಂದು ಇಳಿಯುತ್ತದೆ. ಅದೂ ಸೀಸವೇ.