ಹೆಸರೊಂದೇ, ಆಸಾಮಿ ಬೇರೆ: ವಾಷಿಂಗ್ಟನ್ ಮನೆತನದ ಬೇರು ಹುಡುಕಿದ ನೂರು ವರ್ಷ

1659ರ ಸೆಪ್ಟೆಂಬರ್ 30ರಂದು ವರ್ಜೀನಿಯಾದ ಒಬ್ಬ ತರುಣ ಪಕ್ಕದ ಮೇರಿಲ್ಯಾಂಡ್ ವಸಾಹತಿನ ಗವರ್ನರನಿಗೆ ಕಾಗದ ಬರೆದ. ಎಡ್ವರ್ಡ್ ಪ್ರೆಸ್ಕಾಟ್ ಎಂಬ ಹಡಗಿನ ವ್ಯಾಪಾರಿಯ ಮೇಲೆ ದೂರು ಕೊಟ್ಟವನು ಇವನೇ. ಇಂಗ್ಲೆಂಡಿನಿಂದ ಬರುವ ದಾರಿಯಲ್ಲಿ ಎಲಿಜಬೆತ್ ರಿಚರ್ಡ್‌ಸನ್ ಎಂಬ ಹೆಂಗಸನ್ನು ಮಾಟಗಾತಿಯೆಂದು ಹೇಳಿ ಹಡಗಿನಲ್ಲೇ ನೇಣಿಗೆ ಹಾಕಿದ್ದಾರೆ ಎಂಬುದು ಆ ದೂರು. ವಿಚಾರಣೆ ಅಕ್ಟೋಬರ್ ಮೊದಲ ವಾರಕ್ಕೆ ನಿಗದಿಯಾಯಿತು. ಈಗ ದೂರುದಾರನೇ ಹಿಂದೇಟು ಹಾಕುತ್ತಿದ್ದಾನೆ: ಆ ದಿನಕ್ಕೆ ಬರಲಾರೆ, ಎಳೆಯ ಮಗನಿಗೆ ದೀಕ್ಷಾಸ್ನಾನ ಮಾಡಿಸುವುದಿದೆ, ಬರಬೇಕಾದವರನ್ನೆಲ್ಲ ಆಗಲೇ ಕರೆದಾಗಿದೆ. ಸಾಕ್ಷಿ ಹೇಳುವವರಿಲ್ಲದೆ ಪ್ರೆಸ್ಕಾಟ್ ಬಿಡುಗಡೆಯಾದ. ಸತ್ತವಳಿಗೆ ನ್ಯಾಯ ಸಿಗಲಿಲ್ಲ.

ಕಾಗದಕ್ಕೆ ಸಹಿ ಮಾಡಿದವನ ಹೆಸರು ಜಾನ್ ವಾಷಿಂಗ್ಟನ್. ಆ ಎಳೆಯ ಮಗ ಲಾರೆನ್ಸ್. ಲಾರೆನ್ಸನ ಮಗ ಅಗಸ್ಟೀನ್, ಅಗಸ್ಟೀನನ ಮಗ ಜಾರ್ಜ್, ಅಮೆರಿಕದ ಮೊದಲ ಅಧ್ಯಕ್ಷ. ಮಗುವಿನ ಹುಟ್ಟಿನ ಕಾಲವನ್ನು ನಮಗೆ ತಿಳಿಸಿದ್ದು ಚರ್ಚಿನ ಪುಸ್ತಕವಲ್ಲ, ಒಂದು ಕೊಲೆ ಮೊಕದ್ದಮೆಯ ಕಡತ. ವಸಾಹತು ಕಾಲದ ಅಮೆರಿಕದಲ್ಲಿ ಇಂಗ್ಲಿಷ್ ಮನೆತನಗಳ ಜಾಡು ಹಿಡಿಯಲು ಹೊರಟವರ ಪಾಡು ಸಾಮಾನ್ಯವಾಗಿ ಇದೇ. ಜಗಳ, ಸಾಲ, ಸಾವು, ಈ ಮೂರರಲ್ಲಿ ಒಂದು ಬಂದಾಗಲಷ್ಟೇ ಮನುಷ್ಯ ಕಾಗದದ ಮೇಲೆ ಕಾಣಿಸಿಕೊಳ್ಳುತ್ತಾನೆ.

ಜಾನ್ ವರ್ಜೀನಿಯಾದಲ್ಲಿ ಉಳಿದ ಸಂಗತಿ ತಿಳಿದಿರುವುದೂ ಜಗಳದಿಂದಲೇ, ಅದೂ ಇದೇ ಪ್ರೆಸ್ಕಾಟ್ ಜೊತೆಗಿನ ಹಳೆಯ ಜಗಳ. 1657ರ ಆರಂಭದಲ್ಲಿ ಪ್ರೆಸ್ಕಾಟನ ‘ಸೀ ಹಾರ್ಸ್’ ಹಡಗು ಪೊಟೊಮ್ಯಾಕ್ ನದಿಯಲ್ಲಿ ನೆಲ ಕಚ್ಚಿತು. ಅದರಲ್ಲಿ ಕೆಲಸಕ್ಕಿದ್ದ ಜಾನ್ ತನ್ನ ಕೂಲಿ ಕೇಳಿದ. ಪ್ರೆಸ್ಕಾಟ್, ನೀನೇ ನನಗೆ ಕೊಡಬೇಕು ಎಂದ. ಸಾಕ್ಷಿಗಳ ಹೇಳಿಕೆಯಲ್ಲಿ ಡಾನ್ಜಿಗ್, ಎಲ್ಸಿನೋರ್ ಮುಂತಾದ ಬಾಲ್ಟಿಕ್ ಬಂದರುಗಳ ಹೆಸರು ಬರುತ್ತದೆ. ಹೊಗೆಸೊಪ್ಪಿನ ವ್ಯಾಪಾರ ಅಲ್ಲಿಯತನಕ ಹೋಗಿತ್ತು. ಸ್ಥಳೀಯ ಜಮೀನುದಾರ ನಥಾನಿಯಲ್ ಪೋಪ್ ಮಧ್ಯೆ ಬಂದು, ಈ ಹುಡುಗನ ಬಾಕಿಯನ್ನು ಬೀವರ್ ಚರ್ಮದ ರೂಪದಲ್ಲಿ ನಾನು ತೀರಿಸುತ್ತೇನೆ, ಪೌಂಡಿಗೆ ಎಂಟು ಶಿಲ್ಲಿಂಗ್ ಲೆಕ್ಕ ಎಂದ. ಆಮೇಲೆ ತನ್ನ ಮಗಳು ಆನ್‌ಳನ್ನೂ ಅವನಿಗೇ ಕೊಟ್ಟು, 700 ಎಕರೆ ಜಮೀನನ್ನು ಮಗಳ ಹೆಸರಿಗೆ ಬರೆದ.

ಇಷ್ಟು ಅಮೆರಿಕದ ಕಡೆಯ ಕಥೆ. ಆದರೆ ಈ ಜಾನ್ ಇಂಗ್ಲೆಂಡಿನ ಯಾವ ಊರಿನವನು, ಯಾರ ಮಗ? ಉತ್ತರ ಸಿಗಲು ಸುಮಾರು ನೂರು ವರ್ಷ ಬೇಕಾಯಿತು.

ಮೊದಲು ಕೇಳಿದವನು ಸರ್ ಐಸಾಕ್ ಹರ್ಡ್, ಇಂಗ್ಲೆಂಡಿನ ರಾಜಲಾಂಛನಗಳ ಮುಖ್ಯ ಅಧಿಕಾರಿ. 1791ರ ಡಿಸೆಂಬರ್ 7ರಂದು ಆತ ನೇರವಾಗಿ ಅಧ್ಯಕ್ಷ ವಾಷಿಂಗ್ಟನ್‌ಗೇ ಪತ್ರ ಬರೆದ. (ಹತ್ತು ವರ್ಷಗಳ ಹಿಂದೆ ಯಾರ್ಕ್‌ಟೌನಿನಲ್ಲಿ ಇದೇ ವಾಷಿಂಗ್ಟನ್‌ಗೆ ಶರಣಾಗಿದ್ದ ಕಾರ್ನ್‌ವಾಲಿಸನ ಪಡೆ ಆಗ ನಮ್ಮ ಸಾವನದುರ್ಗಕ್ಕೆ ಲಗ್ಗೆ ಹಾಕಲು ಸಜ್ಜಾಗುತ್ತಿತ್ತು. ಎರಡು ವಾರಗಳಲ್ಲಿ ಟಿಪ್ಪುವಿನ ಆ ಕೋಟೆ ಬಿತ್ತು.) 1792ರ ಮೇ 2ರಂದು ಉತ್ತರ ಹೋಯಿತು. ಈ ವಿಷಯಕ್ಕೆ ನಾನು ಅಷ್ಟಾಗಿ ಗಮನ ಕೊಟ್ಟವನಲ್ಲ, ಬದುಕೆಲ್ಲ ಬೇರೆ ಕೆಲಸಗಳಲ್ಲೇ ಕಳೆಯಿತು ಎಂದು ವಾಷಿಂಗ್ಟನ್ ಒಪ್ಪಿಕೊಂಡ. 1657ರ ಸುಮಾರಿಗೆ ಜಾನ್ ಮತ್ತು ಲಾರೆನ್ಸ್ ಎಂಬ ಅಣ್ಣತಮ್ಮಂದಿರು ಬಂದರಂತೆ, ಉತ್ತರ ಇಂಗ್ಲೆಂಡಿನಿಂದ ಇರಬೇಕು, ಲ್ಯಾಂಕಶೈರೋ ಯಾರ್ಕ್‌ಶೈರೋ ನೆನಪಿಲ್ಲ. ನಾಲ್ಕೇ ತಲೆಮಾರಿಗೆ ಮುತ್ತಜ್ಜನ ಊರು ಮರೆತುಹೋಗಿತ್ತು. ಹೇಳಿದ ದಿಕ್ಕೂ ತಪ್ಪು.

ಹರ್ಡ್ ಬಿಡಲಿಲ್ಲ. ಹಿಂದೆ ಲಾಂಛನಾಧಿಕಾರಿಗಳು ಜಿಲ್ಲೆಯಿಂದ ಜಿಲ್ಲೆಗೆ ತಿರುಗಿ, ಕುಲೀನ ಮನೆತನಗಳ ವಂಶಾವಳಿ ಬರೆದುಕೊಳ್ಳುತ್ತಿದ್ದರು. ಎತ್ತಿನ ಮೇಲೆ ಬರುವ ನಮ್ಮ ಹೆಳವರ ಕೆಲಸವೇ, ಸರ್ಕಾರಿ ಮೊಹರಿನೊಂದಿಗೆ. 1618ರ ನಾರ್ಥಾಂಪ್ಟನ್‌ಶೈರ್ ಪುಸ್ತಕದಲ್ಲಿ ಸಲ್‌ಗ್ರೇವ್ ಎಂಬ ಹಳ್ಳಿಯ ವಾಷಿಂಗ್ಟನ್ ಮನೆತನ ಸಿಕ್ಕಿತು. ಉಣ್ಣೆ ವ್ಯಾಪಾರಿ ಲಾರೆನ್ಸ್ ವಾಷಿಂಗ್ಟನ್ ನಾರ್ಥಾಂಪ್ಟನ್ನಿನ ಮೇಯರನಾಗಿ, ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿ ಆಸ್ತಿ ಮಾರುತ್ತಿದ್ದಾಗ 1539ರಲ್ಲಿ ಸಲ್‌ಗ್ರೇವಿನ ಮಠದ ಭೂಮಿಯನ್ನು ಕೊಂಡಿದ್ದ. ಅವನ ಮರಿಮಕ್ಕಳಲ್ಲಿ ಜಾನ್ ಎಂಬೊಬ್ಬ, ಲಾರೆನ್ಸ್ ಎಂಬೊಬ್ಬ. ಅಣ್ಣತಮ್ಮಂದಿರು, ಹೆಸರು ಸರಿ, ಮನೆತನದ ಲಾಂಛನವೂ ಜಾರ್ಜ್ ತನ್ನ ಪುಸ್ತಕಗಳಿಗೆ ಅಂಟಿಸುತ್ತಿದ್ದ ಚೀಟಿಯ ಮೇಲಿನದೇ. ಇನ್ನೇನು ಬೇಕು? ಹರ್ಡ್ ಗೆರೆ ಎಳೆದ. ಮುಂದೆ ಎಪ್ಪತ್ತು ವರ್ಷ ಚರಿತ್ರೆ ಬರೆದವರೆಲ್ಲ ಆ ಗೆರೆಯ ಮೇಲೆಯೇ ನಡೆದರು.

ಇನ್ನೇನು ಬೇಕು ಎಂದು ಕೇಳಿದವನು 1866ರಲ್ಲಿ ಜೋಸೆಫ್ ಲೆಮ್ಯುಯೆಲ್ ಚೆಸ್ಟರ್. ಹುಟ್ಟಿದ್ದು ಅಮೆರಿಕದ ಕನೆಕ್ಟಿಕಟ್‌ನಲ್ಲಿ. ಲಂಡನ್ನಿನಲ್ಲಿ ನೆಲೆಸಿ ಚರ್ಚಿನ ಪುಸ್ತಕ, ಉಯಿಲುಗಳ ನಡುವೆಯೇ ಜೀವ ಸವೆಸಿದವನು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಅವನ ಸ್ಮಾರಕ ಫಲಕವಿದೆ. ಅವನು ಮಾಡಿದ್ದು ಸರಳವಾದ ಕೆಲಸ: ಹರ್ಡ್ ತೋರಿಸಿದ ಆ ಇಬ್ಬರು ಆಮೇಲೆ ಏನಾದರು ಎಂದು ನೋಡಿದ. ಆ ಜಾನ್ 1623ರಲ್ಲೇ ಸರ್ ಪದವಿ ಪಡೆದು ಥ್ರಾಪ್‌ಸ್ಟನ್ನಿನಲ್ಲಿ ಬದುಕಿದ ಗೃಹಸ್ಥ. ಆ ಲಾರೆನ್ಸ್ ಆಕ್ಸ್‌ಫರ್ಡ್‌ನಲ್ಲಿ ಓದಿದ, ಎಸೆಕ್ಸ್‌ನ ಪರ್ಲಿ ಊರಿನ ಪಾದ್ರಿ. ಇಬ್ಬರೂ ಇಂಗ್ಲೆಂಡಿನವರಾಗಿಯೇ ಉಳಿದವರು. ಹೆಸರು ಕೂಡಿತ್ತು, ಮನುಷ್ಯರು ಕೂಡಿರಲಿಲ್ಲ.

ಈ ಮನೆಯಲ್ಲಿ ಲಾರೆನ್ಸ್‌ಗಳಿಗೆ ಬರವಿಲ್ಲ ಎಂಬುದು ಓದುಗರ ಗಮನಕ್ಕೆ ಬಂದಿರಬೇಕು. ಮೇಯರ್ ಲಾರೆನ್ಸ್, ಅವನ ಮೊಮ್ಮಗ ಲಾರೆನ್ಸ್, ಪಾದ್ರಿ ಲಾರೆನ್ಸ್, ವರ್ಜೀನಿಯಾಕ್ಕೆ ಬಂದ ಲಾರೆನ್ಸ್, ದೀಕ್ಷಾಸ್ನಾನದ ಮಗು ಲಾರೆನ್ಸ್, ಕೊನೆಗೆ ಜಾರ್ಜನ ಮಲಅಣ್ಣ ಲಾರೆನ್ಸ್. ತಾತನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿ ಬಲ್ಲ ನಮಗೆ ಇದು ಹೊಸದೇನಲ್ಲ. ಆದರೆ ದಾಖಲೆ ಓದುವವನ ತಲೆ ಕೆಡಿಸಲು ಇಷ್ಟು ಸಾಕು.

ಚೆಸ್ಟರ್ ತೆರವು ಮಾಡಿದ ಜಾಗಕ್ಕೆ ಮೊದಲು ನುಗ್ಗಿದ್ದು ಪೊಳ್ಳು ಪಾಂಡಿತ್ಯ. 1879ರಲ್ಲಿ ಆಲ್ಬರ್ಟ್ ವೆಲ್ಸ್ ಎಂಬವನು ಒಂದು ದಪ್ಪ ಪುಸ್ತಕ ತಂದು, ವಾಷಿಂಗ್ಟನ್ ಮನೆತನವನ್ನು 55 ತಲೆಮಾರು ಹಿಂದಕ್ಕೆ, ಕ್ರಿಸ್ತಪೂರ್ವ 70ರಲ್ಲಿದ್ದನೆಂದು ಅವನು ಹೇಳುವ ಸ್ಕ್ಯಾಂಡಿನೇವಿಯಾದ ಪುರಾಣದ ಓಡಿನ್ ದೇವರಿಗೇ ಕಟ್ಟಿಬಿಟ್ಟ. ಮೂರು ತಲೆಮಾರು ತೋರಿಸಲು ದಾಖಲೆ ಇಲ್ಲದ ಕಾಲದಲ್ಲಿ 55 ತಲೆಮಾರು!

ಗಂಟು ಬಿಚ್ಚಿದವನು ಸೇಲಂ ಊರಿನ ಹೆನ್ರಿ ಫಿಟ್ಜ್‌ಗಿಲ್ಬರ್ಟ್ ವಾಟರ್ಸ್. ಬಾಸ್ಟನ್ನಿನ ವಂಶಾವಳಿ ಸಂಘ 1883ರಲ್ಲಿ ಅವನನ್ನು ಲಂಡನ್ನಿಗೆ ಕಳಿಸಿತು. ಇಂಗ್ಲೆಂಡಿನ ಉಯಿಲುಗಳೆಲ್ಲ ಸೇರುತ್ತಿದ್ದ ಸಾಮರ್ಸೆಟ್ ಹೌಸ್‌ನಲ್ಲಿ ಕುಳಿತು, ಅಮೆರಿಕಕ್ಕೆ ಹೋದವರ ಹೆಸರು ಕಂಡಲ್ಲೆಲ್ಲ ಬರೆದುಕೊಳ್ಳುವುದೇ ಅವನ ಕೆಲಸ. ಆರು ವರ್ಷಗಳ ಮೇಲೆ ಅವನು ತನ್ನ ವಾದ ಮುಂದಿಟ್ಟ. ಅದರ ಬುಡದಲ್ಲಿದ್ದದ್ದು ಒಂದು ಸಾಲ.

1677ರ ಮೇ ತಿಂಗಳ ನಮೂದು: ಬೆಡ್‌ಫರ್ಡ್‌ಶೈರಿನ ಲೂಟನ್ನಿನಲ್ಲಿದ್ದು, ಕಡಲಾಚೆಯ ವರ್ಜೀನಿಯಾದಲ್ಲಿ ತೀರಿಕೊಂಡ ಲಾರೆನ್ಸ್ ವಾಷಿಂಗ್ಟನ್ನನ ಸ್ವತ್ತಿನ ಆಡಳಿತವನ್ನು ಮುಖ್ಯ ಸಾಲಿಗ ಎಡ್ಮಂಡ್ ಜೋನ್ಸ್‌ಗೆ ವಹಿಸಲಾಗಿದೆ. ಕೊಟ್ಟ ಹಣ ಬರಲಿಲ್ಲವೆಂದು ಜೋನ್ಸ್ ಕೋರ್ಟಿಗೆ ಹೋದದ್ದರಿಂದ ಒಂದೇ ಸಾಲಿನಲ್ಲಿ ಲೂಟನ್ನೂ ವರ್ಜೀನಿಯಾವೂ ಬಂದವು. ಲೂಟನ್ನಿನ ಚರ್ಚಿನ ಪುಸ್ತಕದಲ್ಲಿ 1660ರ ಜೂನ್ 26ರಂದು ಲಾರೆನ್ಸ್ ವಾಷಿಂಗ್ಟನ್ ಮತ್ತು ಮೇರಿ ಜೋನ್ಸ್ ಮದುವೆ ಇದೆ. ವರ್ಜೀನಿಯಾದಲ್ಲಿ ಉಳಿದ ಲಾರೆನ್ಸನ ಉಯಿಲು ಇಂಗ್ಲೆಂಡಿನ ಆಸ್ತಿಯೆಲ್ಲ ಮಗಳು ಮೇರಿಗೆ ಎನ್ನುತ್ತದೆ. ತಮ್ಮನ ಊರು ಸಿಕ್ಕಿತು.

ಲೂಟನ್ನಿಗೆ ದೂರವಲ್ಲದ ಟ್ರಿಂಗ್ ಎಂಬ ಪಟ್ಟಣದ ಪುಸ್ತಕದಲ್ಲಿ 1635ರಲ್ಲಿ ಲಾರೆನ್ಸ್, 1636ರಲ್ಲಿ ಎಲಿಜಬೆತ್, 1641ರಲ್ಲಿ ವಿಲಿಯಂ ದೀಕ್ಷಾಸ್ನಾನ ಪಡೆದಿದ್ದಾರೆ. ತಂದೆ ‘ಮಿಸ್ಟರ್’ ಲಾರೆನ್ಸ್ ವಾಷಿಂಗ್ಟನ್. ಆ ಕಾಲದಲ್ಲಿ ಮಿಸ್ಟರ್ ಎನ್ನುವುದನ್ನು ಕಂಡಕಂಡವರ ಹೆಸರಿಗೆ ಹಚ್ಚುತ್ತಿರಲಿಲ್ಲ. ಅದೇ ಊರಿನ ಆಂಡ್ರ್ಯೂ ನೋಲಿಂಗ್ ಎಂಬ ಹಿರಿಯನ 1649ರ ಉಯಿಲು ಈ ಕಥೆಯ ಕೀಲಿಕೈ. ಜಮೀನು ಧರ್ಮಪುತ್ರ, ಅಂದರೆ ದೀಕ್ಷಾಸ್ನಾನದಲ್ಲಿ ತಾನು ಹೊಣೆ ನಿಂತ ಹುಡುಗ, ಲಾರೆನ್ಸ್ ವಾಷಿಂಗ್ಟನ್ನನಿಗೆ. ಹಣ ಅವನ ತಾಯಿ ಆಂಫಿಲಿಸ್‌ಗೂ ಉಳಿದ ಮಕ್ಕಳಾದ ಜಾನ್, ವಿಲಿಯಂ, ಎಲಿಜಬೆತ್, ಮಾರ್ಗರೆಟ್, ಮಾರ್ಥಾರಿಗೂ. ಉಯಿಲಿನ ಪ್ರಕಾರ ಆಂಫಿಲಿಸ್ ನೋಲಿಂಗನಿಗೆ ‘ಡಾಟರ್ ಇನ್ ಲಾ’. ಇಂದಿನ ಅರ್ಥ ಹಚ್ಚಿ ಸೊಸೆ ಎಂದು ಓದಿದರೆ ದಾರಿ ತಪ್ಪಿದಂತೆಯೇ. ಅಂದಿನ ಮಾತಿನಲ್ಲಿ ಹೆಂಡತಿಯ ಮೊದಲ ಮದುವೆಯ ಮಗಳನ್ನೂ ಹಾಗೆ ಕರೆಯುತ್ತಿದ್ದರು.

ತೇದಿಗಳಲ್ಲೂ ಇಂಥದೇ ಬಲೆ. ಇಂಗ್ಲೆಂಡಿನಲ್ಲಿ 1752ರವರೆಗೆ ವರ್ಷ ತೊಡಗುತ್ತಿದ್ದುದು ಮಾರ್ಚ್ 25ಕ್ಕೆ, ಹೆಚ್ಚುಕಡಿಮೆ ನಮ್ಮ ಯುಗಾದಿಯ ಹೊತ್ತಿಗೆ. ಆಂಫಿಲಿಸಳನ್ನು ಹೂಳಿದ್ದು ಪುಸ್ತಕದ ಪ್ರಕಾರ 1654ರ ಜನವರಿ 19. ನಮ್ಮ ಲೆಕ್ಕಕ್ಕೆ ಅದು 1655. ಮರುವರ್ಷದ ಫೆಬ್ರವರಿಯಲ್ಲಿ ಅವಳ ಸ್ವತ್ತಿನ ಆಡಳಿತ ಪತ್ರ ಪಡೆದವನು ಮಗ ಜಾನ್. ಅಲ್ಲಿಂದ ಒಂದು ವರ್ಷದಲ್ಲಿ ಜಾನ್ ವಾಷಿಂಗ್ಟನ್ ಎಂಬೊಬ್ಬ ಪೊಟೊಮ್ಯಾಕ್ ದಂಡೆಯಲ್ಲಿ ನೆಲಕಚ್ಚಿದ ಹಡಗಿನಲ್ಲಿದ್ದಾನೆ. ಹಿರಿಯ ಮಗ, ತಾಯಿಯೂ ಇಲ್ಲ, ಜಮೀನು ತಮ್ಮನ ಪಾಲು. ಹಡಗು ಹತ್ತದೆ ಇನ್ನೇನು ಮಾಡಿಯಾನು?

ಆದರೆ ಈ ‘ಮಿಸ್ಟರ್’ ಲಾರೆನ್ಸ್ ಯಾರು? ಚೆಸ್ಟರ್ ಪಕ್ಕಕ್ಕಿಟ್ಟಿದ್ದ ಪರ್ಲಿಯ ಪಾದ್ರಿಯೇ! ಆಕ್ಸ್‌ಫರ್ಡ್‌ನಲ್ಲಿ ಆತ ಫೆಲೋ, ಅಂದರೆ ಕಾಲೇಜಿನ ಆಶ್ರಯದಲ್ಲಿದ್ದ ವಿದ್ವಾಂಸ. ಫೆಲೋಗಳು ಮದುವೆಯಾಗುವಂತಿರಲಿಲ್ಲ. ಆತ 1630ರ ದಶಕದ ಆರಂಭದಲ್ಲಿ ಕಾಲೇಜು ಬಿಟ್ಟು ಪರ್ಲಿಯ ಚರ್ಚಿಗೆ ಹೋದ. ಮಕ್ಕಳ ದೀಕ್ಷಾಸ್ನಾನಗಳು ಶುರುವಾಗುವುದು ಅದಾದ ಮೇಲೆಯೇ. ಅಂದರೆ ಹರ್ಡ್‌ನ ಮನೆ ಸರಿ, ತಲೆಮಾರು ತಪ್ಪು. ವಲಸೆ ಹೋದ ತಮ್ಮ ಎಂದು ಆತ ತಿಳಿದವನು ಹೋದವರ ತಂದೆಯಾಗಿದ್ದ. ಚೆಸ್ಟರ್ ತಪ್ಪು ಹಿಡಿದು ಎಸೆದ ಕಾಗದವನ್ನು ವಾಟರ್ಸ್ ಎತ್ತಿಕೊಂಡು ಒಂದು ಸಾಲು ಮೇಲಕ್ಕೆ ಅಂಟಿಸಿದ, ಅಷ್ಟೆ.

ಈ ಪಾದ್ರಿಯ ಬದುಕು ಸುಖವಾಗಿರಲಿಲ್ಲ. ಅಂತರ್ಯುದ್ಧದಲ್ಲಿ ರಾಜನ ಪಕ್ಷದವನೆಂದು ಪಾರ್ಲಿಮೆಂಟಿನವರು 1643ರಲ್ಲಿ ಕೆಲಸದಿಂದ ತೆಗೆದರು. ಕಾಗದದ ಮೇಲೆ ಕೊಟ್ಟ ಕಾರಣ, ಹೆಂಡದಂಗಡಿಗೆ ಹೋಗುತ್ತಾನೆ ಎಂಬುದು. ಬಡ ಚರ್ಚೊಂದರಲ್ಲಿ ದಿನ ದೂಡಿ, 1653ರ ಜನವರಿಯಲ್ಲಿ ಮಾಲ್ಡನ್ನಿನಲ್ಲಿ ಮಣ್ಣಾದ. ಜಾರ್ಜ್ ವಾಷಿಂಗ್ಟನ್ನನ ಪೂರ್ವಜನೆಂದು ತಿಳಿದ ಮೇಲೆ 1892ರಲ್ಲಿ ಪರ್ಲಿ ಚರ್ಚಿನ ಗೋಪುರದ ದುರಸ್ತಿಗೆ ಅಮೆರಿಕದ ದುಡ್ಡು ಬಂತು.

ವರ್ಜೀನಿಯಾದ ಕಾಗದಗಳಿಗೆ ಇನ್ನೊಂದು ಮುಖವೂ ಇದೆ. ಒಬ್ಬ ವಲಸಿಗನನ್ನು ಕರೆತಂದರೆ 50 ಎಕರೆಯ ಹಕ್ಕು ಎಂಬ ನಿಯಮದಿಂದ ಭೂದಾಖಲೆಗಳಲ್ಲಿ ಸಾವಿರಾರು ಬಿಳಿಯರ ಹೆಸರು ಉಳಿಯಿತು. ಆಫ್ರಿಕಾದಿಂದ ತಂದವರ ಹೆಸರು ಉಳಿದಿದ್ದರೆ ಅದು ಹೆಚ್ಚಾಗಿ ಉಯಿಲಿನಲ್ಲಿ, ದನಕರು, ಪಾತ್ರೆಪಡಗಗಳ ಸಾಲಿನಲ್ಲಿ. 1799ರಲ್ಲಿ ಜಾರ್ಜ್ ಮೌಂಟ್ ವರ್ನನ್ನಿನ ಗುಲಾಮರ ಪಟ್ಟಿ ಬರೆದಾಗ ಅದರಲ್ಲಿ 317 ಜನ. ಯಾರಿಗೆ ಯಾರು ಗಂಡ, ಯಾರಿಗೆ ಯಾರು ತಾಯಿ ಎಂದು ಆ ಪಟ್ಟಿ ಹೇಳುತ್ತದೆ, ಮನೆತನದ ಹೆಸರು ಬಹುತೇಕರಿಗೆ ಇಲ್ಲ. ಮಕ್ಕಳಿಲ್ಲದ ಜಾರ್ಜನ ಬೇರನ್ನು ನೂರು ವರ್ಷ ಅಗೆದರು. ಆ 317 ಜನರ ಸಂತತಿಗೆ ತಮ್ಮ ಬೇರು ಹುಡುಕಲು ಹೊರಡುವ ದಾರಿ ಅವರನ್ನು ಆಸ್ತಿಯೆಂದು ಎಣಿಸಿದ ಈ ಕಾಗದವೇ.

ಟ್ರಿಂಗ್‌ನ ಜಾನ್ ಮತ್ತು ವರ್ಜೀನಿಯಾದ ಜಾನ್ ಒಬ್ಬನೇ ಎಂದು ನನಗೆ ಮನವರಿಕೆ ಮಾಡಿಸಿದ್ದು ಹಡಗೂ ಅಲ್ಲ, ಲಾಂಛನವೂ ಅಲ್ಲ, ತಂಗಿ ಮಾರ್ಥಾ. 1675ರ ಸೆಪ್ಟೆಂಬರಿನಲ್ಲಿ ಸಸ್ಕ್ವೆಹಾನಕ್ ಎಂಬ ಮೂಲನಿವಾಸಿ ಜನರ ಮೇಲೆ ಪಡೆ ಹೊರಡುವ ಹೊತ್ತಿನಲ್ಲಿ ಅಣ್ಣತಮ್ಮಂದಿರು ಆರು ದಿನಗಳ ಅಂತರದಲ್ಲಿ ಉಯಿಲು ಬರೆದಿಟ್ಟರು. ಜಾನ್ ತಂಗಿ ಮಾರ್ಥಾಗೆ ಹತ್ತು ಪೌಂಡ್ ಹಣ, ನಾಲ್ಕು ಸಾವಿರ ಪೌಂಡ್ ತೂಕದ ಹೊಗೆಸೊಪ್ಪು ಬರೆದ. ಅವಳನ್ನು ಇಂಗ್ಲೆಂಡಿನಿಂದ ಕರೆಸಿದ ಖರ್ಚನ್ನೂ ಮನ್ನಾ ಮಾಡಿದ. ಜಾನ್, ಲಾರೆನ್ಸ್ ಎಂಬ ಜೋಡಿ ಇಂಗ್ಲೆಂಡಿನಲ್ಲಿ ಬೇಕಾದಷ್ಟು ಇದ್ದೀತು. ಜೊತೆಗೆ ಒಬ್ಬ ಮಾರ್ಥಾ ಬಂದಾಗ ಆ ಸಂಖ್ಯೆ ಥಟ್ಟನೆ ಕುಗ್ಗುತ್ತದೆ.

ಮಾರ್ಥಾ ವರ್ಜೀನಿಯಾದಲ್ಲೇ ಸ್ಯಾಮ್ಯುಯೆಲ್ ಹೇವರ್ಡ್ ಎಂಬವನನ್ನು ಮದುವೆಯಾದಳು. 1697ರಲ್ಲಿ ಅವಳೂ ಉಯಿಲು ಬರೆಸಿದಳು. ನೋಲಿಂಗ್ ಮಕ್ಕಳನ್ನೆಲ್ಲ ಹೆಸರು ಹಿಡಿದು ಕರೆದು ಆಗ ಹೆಚ್ಚುಕಡಿಮೆ ಐವತ್ತು ವರ್ಷ. ಅಣ್ಣಂದಿರಿಬ್ಬರೂ ಸತ್ತು ಇಪ್ಪತ್ತು ವರ್ಷ. ಇಂಗ್ಲೆಂಡಿನಲ್ಲಿರುವ ಹಿರಿಯಕ್ಕ ಎಲಿಜಬೆತ್‌ಗೆ ಒಂದು ಪೀಪಾಯಿ ಒಳ್ಳೆಯ ತೂಕದ ಹೊಗೆಸೊಪ್ಪನ್ನು ಹಡಗಿನಲ್ಲಿ ಕಳಿಸಬೇಕು, ಇನ್ನೊಬ್ಬಳು ಅಕ್ಕ ಮಾರ್ಗರೆಟ್‌ಗೂ ಅಷ್ಟೇ ಕಳಿಸಬೇಕು ಎಂದು ಅವಳು ಹೇಳಿದ್ದನ್ನು ಕಾರಕೂನ ಬರೆದುಕೊಂಡ.